ಊರನ್ನು ಹೊಲಿದಿಟ್ಟ ಅಜ್ಜಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ಕಾಲೇಜಿನ ಪ್ರದರ್ಶನದಲ್ಲಿ ಅಜ್ಜಿ ಹಳೆಯ ಬಟ್ಟೆಗಳಿಂದ ಹೊಲಿದ ಹೊದಿಕೆಯನ್ನು, ಅವರ ಕೌದಿಯನ್ನು, ಇಡುತ್ತಿರುವುದಾಗಿಯೂ, ಅದರ ಪಕ್ಕದಲ್ಲಿ ಹಾಕುವ ಬರಹಕ್ಕೆ ವಿವರ ಬೇಕೆಂದೂ ಕೇಳಿದ್ದೀಯ. ನೀನು ಕಳಿಸಿದ ಕರಡಿನಲ್ಲಿ 'ಕೊಪ್ಪಳ ಭಾಗದ ಸಾಂಪ್ರದಾಯಿಕ ಕೌದಿ, ಹಳೆಯ ಬಟ್ಟೆಗಳ ಮರುಬಳಕೆ' ಎಂದಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಓದಿದವರಿಗೆ ಆ ಕೌದಿ ತನ್ನಷ್ಟಕ್ಕೆ ತಾನೇ ಹುಟ್ಟಿಕೊಂಡಿತೇನೋ ಅನ್ನಿಸುತ್ತದೆ. ಯಾವ ತುಂಡು ಎಲ್ಲಿ ಕೂರಬೇಕು, ಯಾವುದು ಬೇಡವೇ ಬೇಡ ಎಂದು ದಿನಗಟ್ಟಲೆ ಯೋಚಿಸಿ ತೀರ್ಮಾನಿಸಿದ ಒಬ್ಬ ಹೆಣ್ಣುಮಗಳು ಅದರ ಹಿಂದೆ ಇದ್ದಾರೆ. ಆದ್ದರಿಂದ ಮೊದಲ ಸಾಲಿನಲ್ಲಿ ಅವರ ಹೆಸರನ್ನು ಪೂರ್ತಿಯಾಗಿ, ಮನೆತನದ ಹೆಸರಿನೊಂದಿಗೆ ಬರೆ. ಉಳಿದದ್ದನ್ನು ಅದರ ಕೆಳಗೆ ಬರೆಯಬಹುದು.

ನಿನ್ನ ಅಜ್ಜಿ, ಅಂದರೆ ನನ್ನ ಅತ್ತೆಯವರು, ಹುಟ್ಟಿದ್ದು ನಿಜಾಮರ ಆಳ್ವಿಕೆಯ ಕಾಲದಲ್ಲಿ. ತಾರೀಖು ಬರೆದಿಟ್ಟವರಿಲ್ಲ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಮ್ಮ ಕೊಪ್ಪಳ, ರಾಯಚೂರು ಸೀಮೆ ಬಿಡುಗಡೆಯಾದಾಗ ತಾವು ತಮ್ಮನನ್ನು ಟೊಂಕದ ಮೇಲೆ ಹೊತ್ತು ತಿರುಗುವಷ್ಟು ದೊಡ್ಡವರಾಗಿದ್ದರೆಂದು ಹೇಳುತ್ತಿದ್ದರು. ಆಗ ಸರ್ಕಾರಿ ಶಾಲೆಗಳಲ್ಲಿ ಕಲಿಸುತ್ತಿದ್ದುದು ಹೆಚ್ಚಾಗಿ ಉರ್ದುವಿನಲ್ಲಿ. ಅವರ ಊರಿನ ಹೆಣ್ಣುಮಕ್ಕಳು ಶಾಲೆಯ ಕಡೆ ಹಾಯುತ್ತಲೇ ಇರಲಿಲ್ಲ. 1945ರಲ್ಲಿ ಅಡಿಗಲ್ಲು ಬಿದ್ದಿದ್ದ ತುಂಗಭದ್ರಾ ಅಣೆಕಟ್ಟಿನ ಹಿಂದೆ 1953ರಲ್ಲಿ ನೀರು ನಿಲ್ಲತೊಡಗಿತು. ಹತ್ತಾರು ಹಳ್ಳಿಗಳೊಂದಿಗೆ ಅವರ ತವರೂರೂ ಮುಳುಗಡೆಯಾಯಿತು. ಬಾಗಿಲು, ತೊಲೆ, ಬೀಸುಕಲ್ಲುಗಳನ್ನು ಚಕ್ಕಡಿಗೆ ಹೇರಿಕೊಂಡು ಊರವರೆಲ್ಲ ಎತ್ತರದ ಜಾಗಕ್ಕೆ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮುಂದೆ ಯಲಬುರ್ಗಾ ಕಡೆಯ ಎರೆಹೊಲದ ಈ ಊರಿಗೆ ಸೊಸೆಯಾಗಿ ಬಂದರು.

ಕೌದಿ ಹೊಲಿಯುವುದು ನಮ್ಮ ಕಡೆ ಹೊಸದೇನಲ್ಲ. ಊರೂರು ತಿರುಗಿ, ಮನೆಯವರ ಹಳೆಯ ಬಟ್ಟೆಯನ್ನೇ ಪಡೆದು ಹೊಲಿದುಕೊಡುವ ಹೆಂಗಸರು ಈಗಲೂ ಇದ್ದಾರೆ. ಅತ್ತೆಯವರ ಕೌದಿ ಬೇರೆಯಾಗುತ್ತಿದ್ದುದು ಸೂಜಿ ಹಿಡಿಯುವುದಕ್ಕೂ ಮೊದಲೇ. ಗಂಜಿಯ ಅಂಶ ಪೂರ್ತಿ ಹೋಗುವ ತನಕ ಬಟ್ಟೆಗಳನ್ನು ಒಗೆದು ಒಣಗಿಸಿ, ಪಡಸಾಲೆಯಲ್ಲಿ ಮಾವನವರ ಹಳೆಯ ಧೋತರವನ್ನು ತಳಕ್ಕೆ ಹಾಸಿ, ನಡುವೆ ಸವೆದ ಸೀರೆಗಳ ಪದರ ಹಾಕಿ, ಮೇಲೆ ತುಂಡುಗಳನ್ನು ಜೋಡಿಸಿಟ್ಟು ಎದ್ದುಹೋಗುತ್ತಿದ್ದರು. ರೊಟ್ಟಿ ಬಡಿಯುವಾಗ, ದನಕ್ಕೆ ಮೇವು ಹಾಕಿ ಬರುವಾಗ ಮತ್ತೆ ಮತ್ತೆ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದರು. ಒಮ್ಮೊಮ್ಮೆ ಒಂದೇ ಒಂದು ತುಂಡನ್ನು ಸರಿಸಲು ಮೂರು ದಿನ ಕಾಯುತ್ತಿದ್ದರು. ಅಷ್ಟು ದಿನವೂ ನಾವೆಲ್ಲ ಗೋಡೆ ಹಿಡಿದು ಓಡಾಡಬೇಕಾಗಿತ್ತು. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ಒಳಕ್ಕೆ ಬರುತ್ತಿತ್ತು. ಕೊನೆಯ ಗಂಟು ಬಿದ್ದ ದಿನ ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಹೋಳಿಗೆ ಇಟ್ಟು, ಕೌದಿಗೆ ಉಣ್ಣಿಸಿದ ಮೇಲೆಯೇ ಅದನ್ನು ಮಡಿಸುತ್ತಿದ್ದರು.

ಈಗ ನಿನ್ನ ಬಳಿ ಇರುವ ಕೌದಿಯ ಮಾತು. ಅದನ್ನು ಚಿತ್ತಾರವೆಂದು ತಿಳಿಯಬೇಡ, ಅದು ಅವರ ತವರೂರು. ಗೊಂಡೆ ಹರಿದಿರುವ ಮೂಲೆಯನ್ನು ನಿನ್ನ ಎಡಗೈಗೆ ಬರುವಂತೆ ಹಿಡಿದು ನೋಡು. ಕೆಳಗಿರುವ ಮಣ್ಣು ಬಣ್ಣದ ಎರಡು ಪಟ್ಟಿಗಳು ಊರ ಅಗಸಿ, ಅಂದರೆ ಹೆಬ್ಬಾಗಿಲು. ಅದರಾಚೆಯ ಮಾಸಿದ ಬಿಳಿಯ ಗುಂಡು ತುಂಡು ಹುಡೇವು, ಊರು ಕಾಯುವ ಬುರುಜು. ಗುಳೇದಗುಡ್ಡದ ಖಣವನ್ನು ಕುಪ್ಪಸಕ್ಕೆ ಮಡಿಸುವಂತೆ ತ್ರಿಕೋನವಾಗಿ ಮಡಿಸಿ ಹನುಮಪ್ಪನ ಗುಡಿಯನ್ನು ಮಾಡಿದ್ದಾರೆ. ಮೇಲ್ಗಡೆ ಇಳಕಲ್ ಸೀರೆಯ ತೋಪುತೆನೆ ಸೆರಗಿನ ಉದ್ದನೆಯ ತುಂಡು ಇದೆಯಲ್ಲ, ಅದನ್ನು ಅಡ್ಡ ತಿರುಗಿಸಿ, ತೆನೆಗಳೆಲ್ಲ ಮೇಲಕ್ಕೆ ನಿಲ್ಲುವಂತೆ ಇಟ್ಟಿರುವುದನ್ನು ಗಮನಿಸು. ಅದು ಜೋಳದ ಹೊಲ. ಇನ್ನು ಹೊಲಿಗೆಯ ಸಾಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಅವು ಎಲ್ಲ ಕೌದಿಗಳಲ್ಲಿರುವಂತೆ ನೇರವಾಗಿ ಹೋಗದೆ ಅಲ್ಲಲ್ಲಿ ಹೊರಳುವುದು ತಿಳಿಯುತ್ತದೆ. ಆ ಊರಿನ ಓಣಿಗಳು ಎಲ್ಲೆಲ್ಲಿ ಹೊರಳುತ್ತಿದ್ದವೋ ಅಲ್ಲಲ್ಲೇ ದಾರವೂ ಹೊರಳಿದೆ. ಬಣ್ಣ ಹೊಂದುವುದಿಲ್ಲವೆಂದು ನೀನು ಬರೆದಿರುವ ಆ ಸವೆದ ಹಳದಿ ಚೂರು ಅವರ ತಾಯಿಯ ಸೀರೆಯದು. ಅವರ ಮನೆ ಇದ್ದದ್ದು ಅಲ್ಲಿ.

ಇಡೀ ಕೌದಿಯಲ್ಲಿ ನೀಲಿ ಬಟ್ಟೆಯ ಒಂದು ಎಳೆಯೂ ಇಲ್ಲ. ಹೊಳೆ ದಂಡೆಯ ಊರಿಗೆ ನೀರೇಕೆ ಹಾಕಲಿಲ್ಲವೆಂದು ಕೇಳಿದಾಗ ಅವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ನೀರು ಸರಕಾರ ಹಾಕೇತಿ. ಊರು ನಾ ಹಾಕೀನಿ."

ಅಕ್ಷರ ಬಾರದಿದ್ದರೂ ಮಾತು ಕಟ್ಟುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಸುತ್ತಿನಲ್ಲಿರಲಿಲ್ಲ. ಮದುವೆ ಮನೆಗಳಲ್ಲಿ ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಒಡಪು ಹೇಳುವ ಸರದಿ ಬಂದರೆ, ಹಿಂದೆ ಹೇಳಿದ್ದನ್ನು ಅವರು ಎಂದೂ ತಿರುಗಿ ಹೇಳುತ್ತಿರಲಿಲ್ಲ. "ತುಂಗಭದ್ರಿ ತುಂಬಿ ಬಂದ್ರ ದಂಡಿ ಕಾಣಂಗಿಲ್ಲ" ಎಂದು ತೊಡಗಿ, ನಡುವೆ ನಿನ್ನ ಅಜ್ಜನ ಹೆಸರು ಸೇರಿಸಿ, "ರಾಯರ ಬಿಟ್ಟು ಬ್ಯಾರೆ ಹೆಸರು ಬಾಯಾಗ ಬರಂಗಿಲ್ಲ" ಎಂದು ಮುಗಿಸಿದ್ದು ನನಗೆ ಇನ್ನೂ ನೆನಪಿದೆ. ಮಾವನವರು ತೀರಿಕೊಂಡ ಮೇಲೆ ಬಂದ ಮೊದಲ ಮದುವೆಯಲ್ಲಿ ಹೆಂಗಸರು ಅವರ ಸರದಿಯನ್ನು ದಾಟಿಸಿ ಮುಂದೆ ಹೋದರು. ಗಂಡ ಸತ್ತವರು ಒಡಪು ಹೇಳುವ ವಾಡಿಕೆಯಿಲ್ಲ. ಅತ್ತೆಯವರು ಎದ್ದು ನಿಂತು, "ಅವರು ಸತ್ತಾರ, ಅವರ ಹೆಸರು ನನ್ನ ಕಡೆ ಐತಿ" ಎಂದು ಹೇಳಿ, ಆ ಹೊತ್ತಿಗೆ ಹೊಸದೊಂದು ಒಡಪು ಕಟ್ಟಿ ಹೇಳಿದರು. ಚಪ್ಪರದಲ್ಲಿ ಯಾರೂ ಮಾತಾಡಲಿಲ್ಲ. ನಂತರ ಮದುಮಗಳ ಸೋದರತ್ತೆ, ಅವರೂ ಗಂಡನನ್ನು ಕಳೆದುಕೊಂಡವರೇ, ತಾವೂ ಒಂದು ಹೇಳಿದರು. ಧೈರ್ಯವೆಂದರೆ ಏನೆಂದು ನಾನು ಕಣ್ಣಾರೆ ಕಂಡದ್ದು ಅಂದು.

ಪಟ್ಟಣದ ವ್ಯಾಪಾರಿಯೊಬ್ಬರು ಬಂದು ಕೌದಿಗಳನ್ನು ಮೆಚ್ಚಿ, ಒಂದೇ ಅಳತೆಯ ಚೌಕಗಳಿಟ್ಟು ಒಂದೇ ಬಗೆಯ ಇಪ್ಪತ್ತು ಹೊಲಿದುಕೊಟ್ಟರೆ ಒಳ್ಳೆಯ ಬೆಲೆ ಕೊಡುವುದಾಗಿ ಹೇಳಿದ್ದುಂಟು. ಆಗ ನಮಗೆ ಹಣದ ಅಗತ್ಯವಿತ್ತು. ಅವರು ಚಹಾ ಕೊಟ್ಟು, "ಒಂದರಂಗ ಇನ್ನೊಂದು ಬೇಕಂದ್ರ ಮಷೀನಿಗೆ ಹೇಳ್ರಿ" ಎಂದು ಕಳಿಸಿಬಿಟ್ಟರು. ಅದೇ ತಿಂಗಳು ಎದುರು ಮನೆಯ ಬಾಣಂತಿಗೆ ಒಂದು ಪೈಸೆಯನ್ನೂ ಪಡೆಯದೆ ಕೂಸಿನ ಕೌದಿಯನ್ನೂ ತಲೆಗೆ ತೊಡಿಸುವ ಕುಂಚಿಗೆಯನ್ನೂ ಹೊಲಿದುಕೊಟ್ಟರು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದದ್ದು ನಿನಗೆ ನೆನಪಿರಬಹುದು. ತಾತ್ಕಾಲಿಕ ಗೇಟು ಕೂರಿಸುವ ತನಕ, ಸುಮಾರು ಒಂದು ವಾರ, ಅವರು ಟಿವಿಯ ಮುಂದಿನಿಂದ ಏಳಲಿಲ್ಲ. ಕಾಲುವೆ ಕೆಳಗಿನ ರೈತರಿಗೆ ಎರಡನೆಯ ಬೆಳೆಯ ಚಿಂತೆ. ಅಲ್ಲಿನ ಊರುಗಳಿಗೆಲ್ಲ ಕಾಲುವೆ ನೀರಿನ ಚಿಂತೆ. ಅತ್ತೆಯವರು ಮಾತ್ರ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಊರು ಕಾಣಸ್ತೇನು?" ಮರುವರ್ಷ ಅವರು ತೀರಿಕೊಂಡರು. ಕಣ್ಣು ಮಂಜಾದ ಮೇಲೂ ಪಕ್ಕದ ಮನೆಯ ಹುಡುಗಿಯಿಂದ ಸೂಜಿಗೆ ದಾರ ಪೋಣಿಸಿಕೊಂಡು ಹೊಲಿಯುತ್ತಲೇ ಇದ್ದರು.

ಬರಹದಲ್ಲಿ ಎರಡೂ ಊರುಗಳ ಹೆಸರು ಬರಲಿ, ಮುಳುಗಿದ್ದರದೂ ನಮ್ಮದೂ. ಕೌದಿಯನ್ನು ಕ್ಲಿಪ್ಪು ಹಾಕಿ ತೂಗಬೇಡ. ತಳದ ಧೋತರ ಜೀರ್ಣವಾಗಿದೆ, ತನ್ನ ಭಾರಕ್ಕೇ ಹರಿಯುತ್ತದೆ. ಅಗಲವಾದ ಮೇಜಿನ ಮೇಲೆ ಹಾಸಿಡು, ಜನ ಸುತ್ತಲೂ ನಿಂತು ನೋಡಲಿ. ಪ್ರದರ್ಶನ ಮುಗಿದ ಮೇಲೆ ಅದನ್ನು ಕೊರಿಯರಿನಲ್ಲಿ ಕಳಿಸದೆ ನೀನೇ ತೆಗೆದುಕೊಂಡು ಬಾ. ಚಳಿಗಾಲದಲ್ಲಿ ನಿಮ್ಮ ಅಪ್ಪ ಹೊದೆಯುವುದು ಅದನ್ನೇ.

ಇಂತಿ,
ನಿನ್ನ ಅವ್ವ