ಚೀಟಿಯಲ್ಲಿ ಇಲ್ಲದ ಮಾತ್ರೆ ಕೊಟ್ಟಿದ್ದಕ್ಕೆ ದೂರು

ಗೆ,
ಗ್ರಾಹಕ ಸೇವಾ ಮುಖ್ಯಸ್ಥರು

ಮಾನ್ಯರೇ,

ನಿಮ್ಮ ಸಹಾಯವಾಣಿಯ ಸಂಗೀತ ಕೇಳಿ ಕೇಳಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಂಗಿ ಫಿಟ್ಸಿಗೆ ಕಾರ್ಬಮಜೆಪಿನ್ ತಗೊಳ್ಳುತ್ತಾಳೆ. ಮೈಸೂರಿನ ಕುವೆಂಪುನಗರದ ನಿಮ್ಮ ಅಂಗಡಿಯಲ್ಲೇ ಪ್ರತಿ ತಿಂಗಳು ಖರೀದಿ. ಹೆಸರು ಹೊಡೆದರೆ ನಿಮ್ಮ ಕಂಪ್ಯೂಟರಿನಲ್ಲೇ ಬರುತ್ತೆ. ಹೋದ ತಿಂಗಳು ಕೆಮ್ಮು ಜಾಸ್ತಿಯಾಗಿ ಡಾಕ್ಟರು ಅಜಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಬರೆದರು. ಸ್ಟಾಕ್ ಇಲ್ಲವೆಂದು ನೀವು ಕ್ಲಾರಿತ್ರೋಮೈಸಿನ್ ಕೊಟ್ಟಿರಿ. ಡಾಕ್ಟರನ್ನು ಒಂದು ಮಾತು ಕೇಳಲಿಲ್ಲ. ಚೀಟಿಯಲ್ಲಿ ಬರೆದ ಔಷಧವನ್ನು ಅಂಗಡಿಯವರೇ ಬದಲಿಸುವ ಬಗ್ಗೆ 1945ರ ಔಷಧ ನಿಯಮಗಳಲ್ಲಿ 65ನೆಯದು ಏನು ಹೇಳುತ್ತೆ ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ ಅಲ್ವಾ?

ಕಾರ್ಬಮಜೆಪಿನ್ ಒಡೆಯುವುದು ಲಿವರಿನ ಸಿವೈಪಿ3ಎ4 ಕಿಣ್ವ. ಕ್ಲಾರಿತ್ರೋಮೈಸಿನ್ ಅದನ್ನೇ ತಡೆಯುತ್ತದೆ. ಆಗ ಮಾಮೂಲಿ ಡೋಸೇ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಅಜಿತ್ರೋಮೈಸಿನ್‌ಗೆ ಈ ಕಾಟ ಇಲ್ಲ. ಡಾಕ್ಟರು ಅದನ್ನು ಸುಮ್ನೆ ಬರೆದಿರಲಿಲ್ಲ. ರಕ್ತದಲ್ಲಿ ಕಾರ್ಬಮಜೆಪಿನ್ ಮಿಲಿಲೀಟರಿಗೆ 4ರಿಂದ 12 ಮೈಕ್ರೋಗ್ರಾಂ ಇರಬೇಕಾದದ್ದು ಅವಳಿಗೆ 18 ಆಗಿತ್ತು. ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ಗೋಡೆ ಹಿಡಿಯದೆ ನಡೆಯಲಾಗುತ್ತಿರಲಿಲ್ಲ. ವಾಂತಿ ಬೇರೆ. ಆಸ್ಪತ್ರೆಗೆ ಸೇರಿಸಿದೆವು.

ಕೇಳೋಣವೆಂದು ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಮೊಬೈಲಿನಿಂದ ತಲೆ ಎತ್ತದೆ, "ಎರಡೂ ಒಂದೇ ಜಾತಿ ಸಾರ್" ಅಂದ. ಫಾರ್ಮಸಿಸ್ಟ್ ಎಲ್ಲಿ ಎಂದೆ. "ಊಟಕ್ಕೆ ಹೋಗವ್ರೆ." ಆಗ ಬೆಳಿಗ್ಗೆ ಹನ್ನೊಂದು ಗಂಟೆ! ತಂಗಿಗೆ ತಲೆ ಸುತ್ತು ಬಂದಿದ್ದೇ ಈ ಮಾತ್ರೆಯಿಂದ ಎಂದೆ. ಆಗ ತಲೆ ಎತ್ತಿದ. ಇಡೀ ಅಂಗಡಿಗೆ ಕೇಳುವಂತೆ, "ಅವರಿಗೆ ಫಿಟ್ಸ್ ಅಲ್ವಾ ಸಾರ್? ಫಿಟ್ಸ್ ಇರೋರಿಗೆ ತಲೆ ಸುತ್ತೋದು ಮಾಮೂಲಿ" ಅಂದ. ಕ್ಯೂ ಪೂರ್ತಿ ತಿರುಗಿ ನೋಡಿತು. ನಮ್ಮ ಬೀದಿಯ ಆಂಟಿಯೊಬ್ಬರು ಅಲ್ಲೇ ಇದ್ದರು, ಚಿಲ್ಲರೆ ಎಣಿಸುವುದನ್ನೇ ನಿಲ್ಲಿಸಿದರು. ಮೆಲ್ಲಗೆ ಮಾತಾಡಪ್ಪ ಎಂದೆ. "ನಾನೇನ್ ಸುಳ್ಳು ಹೇಳಿದ್ನಾ? ನೀವೇನ್ ಡಾಕ್ಟ್ರಾ? ಗೂಗಲ್ ನೋಡ್ಕೊಂಡು ಬಂದ್ಬಿಡ್ತಾರೆ. ಸೈಡಿಗೆ ಬನ್ನಿ, ಹಿಂದೆ ಜನ ಇದಾರೆ." ನಾನು ಸೈಡಿಗೆ ಬಂದೆ. ಸಂಜೆಯೊಳಗೆ ತಂಗಿಯ ಕಾಯಿಲೆ ಮುಂದಿನ ಕ್ರಾಸಿಗೂ ಗೊತ್ತಾಗಿತ್ತು. ನಿಮ್ಮ ಹೋಂ ಡೆಲಿವರಿ ಯಾವತ್ತೂ ಇಷ್ಟು ಬೇಗ ತಲುಪಿದ್ದಿಲ್ಲ.

ನಿಮ್ಮ ಮ್ಯಾನೇಜರ್ ಆಮೇಲೆ ಕಳಿಸಿದ್ದು ಕ್ಷಮಾಪಣೆಯಲ್ಲ, ಮುಂದಿನ ಖರೀದಿಗೆ ರಿಯಾಯಿತಿ ಕೂಪನ್!

ಬಿಲ್ಲು, ಡಾಕ್ಟರ ಚೀಟಿ, ಮಾತ್ರೆಯ ಖಾಲಿ ಸ್ಟ್ರಿಪ್, ರಕ್ತದ ರಿಪೋರ್ಟು ನನ್ನ ಹತ್ತಿರವಿವೆ. ಅವುಗಳ ಪ್ರತಿ ಔಷಧ ನಿಯಂತ್ರಣ ಇಲಾಖೆಗೂ, ಫಾರ್ಮಸಿ ಕೌನ್ಸಿಲ್‌ಗೂ ಹೋಗುತ್ತಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ತಯಾರಾಗುತ್ತಿದೆ. ಆ ದಿನ ಹನ್ನೊಂದು ಗಂಟೆಗೆ ಊಟಕ್ಕೆ ಹೋದ ಫಾರ್ಮಸಿಸ್ಟರ ಹೆಸರು, ನೋಂದಣಿ ಸಂಖ್ಯೆಯನ್ನು ಈಗಲೇ ಹುಡುಕಿಟ್ಟುಕೊಳ್ಳಿ, ಅಲ್ಲಿ ಮೊದಲು ಕೇಳುವುದೇ ಅದನ್ನು. ಕೂಪನ್ ನಿಮ್ಮ ವಕೀಲರಿಗೆ ಕೊಡಿ.

ಇಂತಿ,
ನಿಮ್ಮ ಮಾಜಿ ಗ್ರಾಹಕ