ಒಂದೇ ಮರದ ಕೆಳಗೆ ಯಾಕೆ ಈ ನೂಕುನುಗ್ಗಲು?

ಮಾನ್ಯ ಸಂಪಾದಕರೇ,

ಟಬೂಬಿಯಾ ಮರ ಹೂ ಬಿಟ್ಟ ಫೋಟೋವನ್ನು ನೀವು ಪ್ರತಿ ವರ್ಷ ಮುಖಪುಟದಲ್ಲಿ ಹಾಕುತ್ತೀರಿ. ಚೆನ್ನಾಗಿರುತ್ತದೆ, ಇಲ್ಲ ಅನ್ನಲ್ಲ. ಆದರೆ ಅದು ಅಚ್ಚಾದ ಮೇಲೆ ಬರುವ ಶನಿವಾರ, ಭಾನುವಾರ ಲಾಲ್‌ಬಾಗ್‌ನಲ್ಲಿ ಏನು ನಡೆಯುತ್ತದೆ ಅಂತ ಒಮ್ಮೆ ಬಂದು ನೋಡಿ. ಗುಲಾಬಿ ಬಣ್ಣದ ಹೂ ಬಿಟ್ಟ ಒಂದು ಮರ, ಅದರ ಸುತ್ತ ಜಾತ್ರೆ. ಒಬ್ಬ ಕೊಂಬೆ ಹಿಡಿದು ಜೋರಾಗಿ ಅಲ್ಲಾಡಿಸುತ್ತಾನೆ, ಕೆಳಗೆ ನಿಂತವಳು ಕೈ ಚಾಚಿ ಒಂದು ಸುತ್ತು ತಿರುಗುತ್ತಾಳೆ, ಮೊಬೈಲ್ ಹಿಡಿದವನು ‘ಸರಿಯಾಗಿ ಬಂದಿಲ್ಲ, ಇನ್ನೊಂದು ಸಲ’ ಅನ್ನುತ್ತಾನೆ. ರೀಲ್ಸ್‌ಗೆ ಹೂಮಳೆ ಬೇಕಲ್ವಾ!

ಟಬೂಬಿಯಾ ಹೂ ಎಸಳೆಸಳಾಗಿ ಉದುರುವುದಿಲ್ಲ, ಇಡೀ ಹೂವೇ ಕಳಚಿ ಬೀಳುತ್ತದೆ. ಅದಕ್ಕೆ ಯಾರ ಸಹಾಯವೂ ಬೇಡ. ಅಲ್ಲಾಡಿಸಿದರೆ ನಾಳೆ ಅರಳಬೇಕಿದ್ದ ಮೊಗ್ಗೂ ಜೊತೆಗೇ ಬೀಳುತ್ತದೆ. ಇಷ್ಟೂ ಗೊತ್ತಿಲ್ಲದವರು ಅವರಲ್ಲ, ಕೇಳಿದರೆ ‘ಒಂದೇ ಒಂದು ಸಲ ಅಂಕಲ್’ ಅನ್ನುತ್ತಾರೆ. ಅವರ ಹಿಂದೆ ಅದೇ ಒಂದು ಸಲಕ್ಕೆ ಕಾದು ನಿಂತವರ ಸಾಲೇ ಇರುತ್ತದೆ.

ಬೈಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಬೆಂಗಳೂರಿನ ವಸಂತ ಅಂದರೆ ಈ ಒಂದು ವಾರ, ಈ ಒಂದು ಮರ, ತಪ್ಪಿದರೆ ಮುಂದಿನ ವರ್ಷವೇ ಅಂತ ಜನ ನಂಬಿಬಿಟ್ಟಿದ್ದಾರೆ. ಹಾಗಾಗಿ ಮುಗಿಬೀಳುತ್ತಾರೆ. ಆ ನಂಬಿಕೆಯಲ್ಲಿ ನಿಮ್ಮ ಮುಖಪುಟದ ಪಾಲೂ ಇದೆ ಅನ್ನುವುದು ನನ್ನ ತಕರಾರು.

ಈ ಊರಲ್ಲಿ ಮರಗಳು ಸರದಿ ಪ್ರಕಾರ ಹೂ ಬಿಡುತ್ತವೆ, ಅದೂ ಸುಮ್ನೆ ಆಗಿದ್ದಲ್ಲ. ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ ಕೆಲಸ ಮಾಡಿದ್ದ ಜರ್ಮನಿಯ ಕ್ರುಂಬಿಗಲ್ 1908ರಲ್ಲಿ ಲಾಲ್‌ಬಾಗ್ ಜವಾಬ್ದಾರಿ ವಹಿಸಿಕೊಂಡರು. ಒಂದು ಜಾತಿಯ ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದರದು ಶುರುವಾಗಬೇಕು, ಯಾವ ತಿಂಗಳು ನೋಡಿದರೂ ಯಾವುದೋ ಒಂದು ಬೀದಿಯಲ್ಲಿ ಬಣ್ಣ ಇರಬೇಕು ಅನ್ನುವ ಲೆಕ್ಕದಲ್ಲಿ ಮರ ಆರಿಸಿ ನೆಡಿಸಿದರು. ಆ ಲೆಕ್ಕ ಇವತ್ತಿಗೂ ನಡೆಯುತ್ತಿದೆ. ಚಳಿ ಕಡಿಮೆಯಾಗುವಾಗ ಎಲೆ ಉದುರಿಸಿ ನಿಂತ ಬೂರುಗಕ್ಕೆ ಕೆಂಪು ಹೂ, ಅದರ ಮಕರಂದಕ್ಕೆ ಬರುವ ಹಕ್ಕಿಗಳ ಗಲಾಟೆ ಬೇರೆ. ಆಮೇಲೆ ಟಬೂಬಿಯಾದ ಗುಲಾಬಿ, ಹಳದಿ. ಮಾರ್ಚ್‌ನಲ್ಲಿ ಜಕರಂಡಾದ ನೇರಳೆ. ಯುಗಾದಿ ಹೊತ್ತಿಗೆ ಹೊಂಗೆ. ಏಪ್ರಿಲ್, ಮೇ ಬಂದರೆ ಕಕ್ಕೆ, ಗುಲ್‌ಮೊಹರ್. ಇಷ್ಟು ಉದ್ದದ ವಸಂತವನ್ನು ಒಂದು ವೀಕೆಂಡಿಗೆ ತುರುಕಿದರೆ ಕೊಂಬೆ ಮುರಿಯದೆ ಇನ್ನೇನಾಗುತ್ತದೆ?

ಲಾಲ್‌ಬಾಗ್ ಹೂ ಅಂದರೆ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನ ಅಂದುಕೊಂಡವರೂ ತುಂಬಾ ಜನ. ಅದು ಜನವರಿ ಮತ್ತು ಆಗಸ್ಟ್ ತಿಂಗಳಿನದು. 1889ರಲ್ಲಿ ಅಡಿಪಾಯ ಹಾಕಿದ ಆ ಕಟ್ಟಡ ನನಗೂ ಇಷ್ಟ, ಆದರೆ ಒಳಗಿರುವುದು ಕುಂಡದ ಹೂ, ಕೊಯ್ದು ಜೋಡಿಸಿದ ಹೂ. ಮರದ ಹೂವಿಗೆ ಪ್ರದರ್ಶನದ ಸಾಲೂ ಇಲ್ಲ, ವೇದಿಕೆಯೂ ಇಲ್ಲ. ತಲೆ ಎತ್ತಿ ನೋಡಬೇಕು, ಅಷ್ಟೇ.

ಫೋಟೋ ಹುಚ್ಚಿರುವವರಿಗೆ ನನ್ನ ಮೊದಲ ಮಾತು, ನೇರವಾಗಿ ಗುಲಾಬಿ ಮರ ಹುಡುಕಿಕೊಂಡು ಹೋಗಬೇಡಿ, ಕೆಂಪೇಗೌಡ ಗೋಪುರ ಇರುವ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು, ಅದರದೇ ಒಂದು ಫೋಟೋ ತೆಗೆದರೂ ನಷ್ಟವಿಲ್ಲ. ಎತ್ತರದ ಮರಗಳ ಹೂ ನೆತ್ತಿಯಲ್ಲಿರುತ್ತದೆ, ಕೆಳಗೆ ನಿಂತರೆ ಕಾಣಲ್ಲ. ಬಂಡೆ ಮೇಲಿಂದ ಯಾವ ದಿಕ್ಕಿನಲ್ಲಿ ಯಾವ ಬಣ್ಣ ಇದೆ ಅಂತ ನೋಡಿಕೊಂಡು, ಇಳಿದು ಆ ಕಡೆ ನಡೆದರಾಯಿತು. ಬೆಳಗ್ಗೆ ಬೇಗ ಬನ್ನಿ. ಗಾಳಿ ಕಡಿಮೆ ಇರುತ್ತದೆ, ಹೂ ಅಲ್ಲಾಡಲ್ಲ, ಬಿಸಿಲೂ ಓರೆಯಾಗಿ ಬೀಳುತ್ತದೆ. ಸೂರ್ಯ ಬೆನ್ನ ಹಿಂದಿರಬೇಕು ಅನ್ನುವ ಹಳೆಯ ಪಾಠವನ್ನು ಹೂವಿನ ಮಟ್ಟಿಗೆ ಮರೆತುಬಿಡಿ, ಹೂವಿನ ಹಿಂದೆ ಸೂರ್ಯ ಬರುವಂತೆ ನಿಂತರೆ ಎಸಳಿನ ಒಳಗಿಂದಲೇ ಬೆಳಕು ಬಂದ ಹಾಗೆ ಕಾಣುತ್ತದೆ, ನರ ನರವೂ ಎದ್ದು ಕಾಣುತ್ತದೆ. ಬಿಳಿಚಿದ ಆಕಾಶ ಹಿಂದಿದ್ದರೆ ಎಂಥ ಹೂವೂ ಸಪ್ಪೆ. ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು ನೆರಳಲ್ಲಿರುವ ಇನ್ನೊಂದು ಮರವನ್ನು ಹಿನ್ನೆಲೆಗೆ ತಂದುಕೊಳ್ಳಿ. ಮೊಬೈಲ್ ಆದರೆ ಹಳದಿ, ಬಿಳಿ ಹೂವನ್ನು ಎಸಳೇ ಕಾಣದಷ್ಟು ಬೆಳ್ಳಗೆ ಮಾಡಿಬಿಡುತ್ತದೆ, ಪರದೆಯಲ್ಲಿ ಹೂವಿನ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಕೆಳಗಿಳಿಸಿ.

ನಾಗಲಿಂಗ ಮರದ ಹತ್ತಿರ ಕ್ಯಾಮೆರಾ ಹಿಡಿದವರು ಜಾಸ್ತಿ ಕಾಣುವುದಿಲ್ಲ, ಇದು ನನಗೆ ಅರ್ಥವೇ ಆಗಿಲ್ಲ. ಹೂ ಬಿಡುವುದು ಕಾಂಡದ ಮೇಲೆ, ಕಣ್ಣಿನ ಎತ್ತರಕ್ಕೇ ಸಿಗುತ್ತದೆ. ದೊಡ್ಡ ಲೆನ್ಸ್ ಬೇಡ, ಏಣಿ ಬೇಡ, ಪರಿಮಳ ಬೇರೆ ಪುಕ್ಕಟೆ. ಅದೂ ದಕ್ಷಿಣ ಅಮೆರಿಕದಿಂದ ಬಂದ ಮರವೇ, ಆದರೂ ನಾವು ಶಿವನ ಗುಡಿ ಮುಂದೆ ನೆಟ್ಟು ನಮ್ಮದೇ ಮಾಡಿಕೊಂಡಿದ್ದೇವೆ. ಹಾಗಾಗಿ ಟಬೂಬಿಯಾ ಪರದೇಶಿ ಮರ ಅನ್ನುವುದು ನನ್ನ ದೂರಲ್ಲ. ಫೋಟೋಗೆ ಸುಲಭ ಅನ್ನುವುದರಲ್ಲಿ ಸೀತಾ ಅಶೋಕವೂ ಅಷ್ಟೇ, ಹಳೇ ಕೊಂಬೆಗೆ ಅಂಟಿದಂತೆ ಗೊಂಚಲು, ಹೊಸ ಹೂ ಕಿತ್ತಳೆ, ಬಲಿತಂತೆ ಕೆಂಪು, ಒಂದೇ ಫ್ರೇಮಿನಲ್ಲಿ ಎಲ್ಲಾ ಬಣ್ಣ.

ಹೂಮಳೆಯೇ ಬೇಕು ಅನ್ನುವವರು ಹೊಂಗೆ ಕೆಳಗೆ ಕೂತುಕೊಳ್ಳಲಿ. ಮಂಡಕ್ಕಿ ಚೆಲ್ಲಿದ ಹಾಗೆ ನೆಲ ತುಂಬಾ ಹೂ ಬಿದ್ದಿರುತ್ತದೆ, ಸಣ್ಣ ಗಾಳಿಗೂ ಮೇಲಿಂದ ಇನ್ನಷ್ಟು ಬೀಳುತ್ತದೆ, ಯಾರೂ ಅಲ್ಲಾಡಿಸಬೇಕಿಲ್ಲ. ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿ ಇಟ್ಟು ನೋಡಿ. ಬಟ್ಟೆ ಕೊಳೆಯಾಗುತ್ತದೆ ಅನ್ನುವುದೊಂದೇ ತೊಂದರೆ. ಹಾಗಂತ ಹೂವಿನ ಪಾತಿಗೆ ಇಳಿಯಬೇಡಿ ಮಹರಾಯರೇ. ತುಳಿದು ತುಳಿದು ಮಣ್ಣು ಗಟ್ಟಿಯಾದರೆ ಹಾಕಿದ ನೀರು ಒಳಗೆ ಇಳಿಯುವುದಿಲ್ಲ, ಅದನ್ನು ಮತ್ತೆ ಅಗೆದು ಸಡಿಲ ಮಾಡಬೇಕಾದವರು ಬಿಸಿಲಲ್ಲಿ ಕೆಲಸ ಮಾಡುವ ಮಾಲಿಗಳು.

ಸಂಪಾದಕರೇ, ನಿಮ್ಮಿಂದ ನಾನು ಕೇಳುವುದು ಇಷ್ಟು. ಮುಖಪುಟದ ಆ ಗುಲಾಬಿ ಫೋಟೋ ಇರಲಿ. ಅದರ ಜೊತೆಗೆ ಜನವರಿಯಿಂದ ಮೇ ತನಕ ವಾರಕ್ಕೊಮ್ಮೆ, ಒಳಪುಟದ ಮೂಲೆಯಲ್ಲಾದರೂ ಸರಿ, ಈ ವಾರ ಲಾಲ್‌ಬಾಗ್‌ನಲ್ಲಿ, ಕಬ್ಬನ್ ಪಾರ್ಕ್‌ನಲ್ಲಿ ಯಾವ ಮರ ಹೂ ಬಿಟ್ಟಿದೆ, ಯಾವ ಗೇಟಿನಿಂದ ಹೋದರೆ ಹತ್ತಿರ ಅಂತ ನಾಲ್ಕು ಸಾಲು ಹಾಕಿ. ಹವಾಮಾನಕ್ಕೆ, ಚಿನ್ನದ ದರಕ್ಕೆ ಜಾಗ ಕೊಡುತ್ತೀರಲ್ಲ, ಇದಕ್ಕೂ ಕೊಡಬಹುದು. ಓದುಗರು ಕಳಿಸುವ ಫೋಟೋ ಹಾಕುವಾಗ ಮರದ ಹೆಸರನ್ನೂ ಬರೆದು ಕಳಿಸಿ ಅಂತ ಕೇಳಿ, ಹೆಸರು ಹುಡುಕುವ ನೆಪದಲ್ಲಾದರೂ ಜನ ಬೋರ್ಡು ಓದುತ್ತಾರೆ.

ಈ ವಾರ ಜಕರಂಡಾ ಶುರುವಾಗಿದೆ. ನಿಮ್ಮ ಛಾಯಾಗ್ರಾಹಕರನ್ನು ಕಳಿಸಿ, ಗುಂಪು ಸೇರುವ ಮುಂಚೆ.

ಇಂತಿ,
ಒಬ್ಬ ಓದುಗ, ಜಯನಗರ, ಬೆಂಗಳೂರು