ಕಣದ ರಾಗಿ, ಕಾರಿನ ಟಿಪ್ಸ್

ಹ್ಯೂಸ್ಟನ್,
ಭಾನುವಾರ ಸಂಜೆ

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಒಲೆ ಮೇಲೆ ಸಾರು ಇತ್ತು, ಮನೆ ತುಂಬ ಜನ ಇದ್ದರು. ಈಗ ಕೂತು ಬರೀತಿದ್ದೀನಿ. ನಿನ್ನ ಹಳೇ ಕ್ಯಾಮ್ರಿ ಕಾರನ್ನು ಡೀಟೇಲಿಂಗ್‌ಗೆ, ಅಂದರೆ ಒಳಗೂ ಹೊರಗೂ ಪೂರ್ತಿ ತೊಳೆದು ಉಜ್ಜಿಸುವುದಕ್ಕೆ ಕೊಟ್ಟೆ, 160 ಡಾಲರ್ ಬಿಲ್ ಆಯಿತು, ಕಾರ್ಡ್ ಉಜ್ಜಿದ ಮೇಲೆ ಪರದೆಯಲ್ಲಿ ಟಿಪ್ಸ್ ಶೇಕಡಾ 18, 20, 25 ಅಂತ ಬಂತು, ನೀನು ‘ನೋ ಟಿಪ್’ ಒತ್ತಿ ಹೊರಟು ಬಂದೆ. “ಅಷ್ಟು ದುಡ್ಡು ತಗೊಂಡ ಮೇಲೂ ಮತ್ತೆ ಕೇಳ್ತಾರಲ್ಲ ಅತ್ತೆ, ನಾನು ಮಾಡಿದ್ದು ತಪ್ಪಾ?” ಅಂದೆ.

ತಪ್ಪೇ ಪುಟ್ಟ. ಗೊತ್ತಿಲ್ಲದೆ ಆದದ್ದು, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನೀನು ಈ ದೇಶಕ್ಕೆ ಬಂದು ಇನ್ನೂ ನಾಲ್ಕು ತಿಂಗಳು. ನಾನು 1998ರಲ್ಲಿ ಬಂದ ಹೊಸದರಲ್ಲಿ ಹೋಟೆಲಿನಲ್ಲಿ ನಾಲ್ಕು ಜನ ಊಟ ಮಾಡಿ, ಮೇಜಿನ ಮೇಲೆ ಒಂದು ಡಾಲರ್ ಇಟ್ಟು ಎದ್ದು ಬಂದಿದ್ದೆ. ಬಡಿಸಿದ ಹೆಂಗಸಿನ ಮುಖ ಇವತ್ತಿಗೂ ಕಣ್ಣ ಮುಂದೆ ಇದೆ. ಅವಳು ಏನೂ ಅನ್ನಲಿಲ್ಲ. ಆ ನೋಟನ್ನು ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡು ತಟ್ಟೆ ಎತ್ತಿದಳು.

ನಮಗೆ ಟಿಪ್ಸ್ ಅಂದರೆ ಭಕ್ಷೀಸು. ಕೊಟ್ಟರೆ ದೊಡ್ಡತನ, ಕೊಡದಿದ್ದರೆ ಏನೂ ಬಾಧಕವಿಲ್ಲ. ತೊಡಕು ಇರುವುದೇ ಅಲ್ಲಿ. ಇಲ್ಲಿಯದು ಭಕ್ಷೀಸಲ್ಲ, ಆಯ. ನಿನಗೆ ಆಯ ಅಂದರೆ ಗೊತ್ತಿರಲಿಕ್ಕಿಲ್ಲ. ನಾನು ಚಿಕ್ಕವಳಿದ್ದಾಗ ತಿಪಟೂರಿನ ಹತ್ತಿರ ನಮ್ಮೂರಲ್ಲಿ ಸುಗ್ಗಿ ಮುಗಿಯುವ ಹೊತ್ತಿಗೆ ಕಮ್ಮಾರರು, ಬಡಗಿ, ಮಡಿವಾಳರು, ಕ್ಷೌರದವರು ಎಲ್ಲ ಕಣಕ್ಕೆ ಬರುತ್ತಿದ್ದರು. ನಿನ್ನ ತಾತ ಕೊಳಗದಲ್ಲಿ ರಾಗಿ ಅಳೆದು ಕೊಡುತ್ತಿದ್ದರು. ವರ್ಷವೆಲ್ಲ ನೇಗಿಲ ಗುಳ ತಟ್ಟಿಕೊಟ್ಟವರಿಗೆ, ಬಟ್ಟೆ ಒಗೆದವರಿಗೆ ಅದೇ ಕೂಲಿ. ಒಂದು ವರ್ಷ ಮಳೆ ಕೈಕೊಟ್ಟು ರಾಗಿ ಕಮ್ಮಿ ಬಂದಾಗಲೂ ತಾತ ಮೊದಲು ಆಯ ಅಳೆದರು, ಆಮೇಲೆ ಮನೆಯ ವಾಡೆ ತುಂಬಿಸಿದರು. “ಅದು ನಮ್ಮದಲ್ಲ ಕಣಮ್ಮ, ಅವರದು ನಮ್ಮ ಕಣದಲ್ಲಿದೆ ಅಷ್ಟೆ” ಅಂದಿದ್ದರು.

ಆ ಪದ್ಧತಿ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ದುಡಿದವರು ಕೂಲಿಗಾಗಿ ಇನ್ನೊಬ್ಬರ ಕಣದ ಅಂಚಿನಲ್ಲಿ ನಿಂತು ಕಾಯಬೇಕಿತ್ತು. ಇಲ್ಲಿಯ ಟಿಪ್ಸ್‌ನಲ್ಲೂ ಅದೇ ನೋವಿದೆ. ಗುಲಾಮಗಿರಿ ಮುಗಿದ ಮೇಲೆ ಕಪ್ಪು ಜನರನ್ನು ಕೆಲಸಕ್ಕೆ ಇಟ್ಟುಕೊಂಡು, ಸಂಬಳ ಕಮ್ಮಿ ಕೊಟ್ಟು, ಉಳಿದದ್ದು ಗಿರಾಕಿ ಕೊಡಲಿ ಅಂತ ಬಿಟ್ಟವರು ಬಹಳ ಜನ. ಪುಲ್‌ಮನ್ ಕಂಪನಿಯ ರೈಲುಗಳಲ್ಲಿ ಹಾಸಿಗೆ ಹಾಸುತ್ತಿದ್ದ ಪೋರ್ಟರುಗಳು ಹಾಗೇ ಬದುಕಿದ್ದರು. 1925ರಲ್ಲಿ ಸಂಘ ಕಟ್ಟಿಕೊಂಡು, 1937ರವರೆಗೆ ಹೋರಾಡಿ ಕಂಪನಿಯಿಂದ ಒಪ್ಪಂದ ಮಾಡಿಸಿಕೊಂಡರು.

ಈಗಿನ ಲೆಕ್ಕವೂ ಕೇಳು. ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಿಂದ ಅಷ್ಟೇ ಇದೆ. ಆದರೆ ಟಿಪ್ಸ್ ಬರುವ ಕೆಲಸವಾದರೆ ಮಾಲೀಕ ತನ್ನ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು. ಇದು 1991ರಿಂದ ಒಂದು ಸೆಂಟೂ ಏರಿಲ್ಲ. ಟಿಪ್ಸ್ ಸೇರಿಸಿಯೂ 7.25 ಆಗದಿದ್ದರೆ ಮಾಲೀಕ ತುಂಬಿಕೊಡಬೇಕು ಅಂತ ಇದೆ, ಆದರೆ ಅದನ್ನು ಜಗಳ ಮಾಡಿ ಕೇಳುವ ಧೈರ್ಯ ಎಷ್ಟು ಜನಕ್ಕೆ ಇರುತ್ತೆ? ಕ್ಯಾಲಿಫೋರ್ನಿಯಾದಲ್ಲಿ ಹೀಗಿಲ್ಲ, ಅಲ್ಲಿ ಮಾಲೀಕನೇ ಪೂರ್ತಿ ಕನಿಷ್ಠ ಕೂಲಿ ಕೊಡಬೇಕು. ನಾವಿಬ್ಬರೂ ಇರುವ ಟೆಕ್ಸಾಸ್‌ನಲ್ಲಿ ನಡೆಯುವುದು 2.13ರ ಲೆಕ್ಕ. ಡೀಟೇಲಿಂಗ್ ಮಾಡುವವರೆಲ್ಲರಿಗೂ ಇಷ್ಟು ಕಮ್ಮಿ ಕೊಡುತ್ತಾರೆ ಅಂತಲ್ಲ. ಆದರೆ ನಿನ್ನ 160ರಲ್ಲಿ ಕಾರು ತೊಳೆದವನ ಪಾಲು ಎಷ್ಟು ಅಂತ ನಿನಗೂ ಗೊತ್ತಿಲ್ಲ, ಅಲ್ವಾ?

ಅವನು ಮಾಡುವ ಕೆಲಸವನ್ನು ಒಂದು ಸಲ ಹತ್ತಿರ ನಿಂತು ನೋಡು. ಹೋದ ಮಾರ್ಚಿನಲ್ಲಿ ಓಕ್ ಮರದ ಹೂವಿನ ಹಳದಿ ಪುಡಿ ನನ್ನ ಕಾರಿನ ಮೇಲೆಲ್ಲ ಕೂತಿತ್ತು. ಒಬ್ಬ ಹುಡುಗ ವ್ಯಾನಿನಲ್ಲಿ ನೀರಿನ ಟ್ಯಾಂಕು, ಜನರೇಟರ್ ಇಟ್ಟುಕೊಂಡು ಮನೆಗೇ ಬಂದ. ಐದು ಗಂಟೆ ಕೆಲಸ. ಸೀಟಿನ ಸಂದಿಗೆ ಗಾಳಿ ಬಿಟ್ಟು ಒಣ ಅವಲಕ್ಕಿ, ತೆಂಗಿನಕಾಯಿ ಚೂರು ಹೊರಗೆ ತೆಗೆದ. ಎಸಿ ಗಾಳಿ ಬರುವ ಪಟ್ಟಿಗಳನ್ನು ಒಂದೊಂದಾಗಿ ಸಣ್ಣ ಬ್ರಶ್ಶಿನಲ್ಲಿ ಉಜ್ಜಿದ. ಹಿಂದಿನ ಸೀಟಿನಲ್ಲಿ ಚೆಲ್ಲಿದ್ದ ಸಾರಿನ ಅರಿಶಿನದ ಕಲೆಗೆ ಮಂಡಿ ಊರಿ ಅರ್ಧ ಗಂಟೆ ತಿಕ್ಕಿದ. ಡ್ಯಾಶ್‌ಬೋರ್ಡಿನ ಗಣಪತಿಯ ಹತ್ತಿರ ಬಂದಾಗ ಮಾತ್ರ ಕೈ ನಿಲ್ಲಿಸಿ ನನ್ನನ್ನು ಕರೆದ. ಹಣೆಯ ಕುಂಕುಮ ತೋರಿಸಿ, “ಇದನ್ನು ಒರೆಸಬಹುದಾ, ಹಾಗೇ ಬಿಡಬೇಕಾ?” ಅಂತ ಕೇಳಿದ. ಹಾಗೇ ಬಿಡಪ್ಪ ಅಂದೆ. ಗಣಪತಿಯನ್ನು ಮೆಲ್ಲಗೆ ಎತ್ತಿ, ಹೊಸ ಬಟ್ಟೆ ಹಾಸಿ ಅದರ ಮೇಲೆ ಕೂರಿಸಿ, ಕೆಲಸ ಮುಗಿದ ಮೇಲೆ ಮುಖ ಯಾವ ಕಡೆ ಇತ್ತೋ ಆ ಕಡೆಗೇ ತಿರುಗಿಸಿ ಇಟ್ಟ. ಆ ಎಚ್ಚರಕ್ಕೆ ಯಾವ ಬಿಲ್ಲಿನಲ್ಲೂ ದರ ಹಾಕಿರುವುದಿಲ್ಲ.

ಈಗ ಎಷ್ಟು ಕೊಡಬೇಕು ಅನ್ನುವುದು. ಡೀಟೇಲಿಂಗ್‌ಗೆ ಬಿಲ್ಲಿನ 15ರಿಂದ 20 ಶೇಕಡಾ ಇಟ್ಟುಕೋ. ನಿನ್ನ 160ಕ್ಕೆ 25 ಡಾಲರ್. ಇಬ್ಬರು ದುಡಿದಿದ್ದರೆ ಇಬ್ಬರಿಗೂ ಬೇರೆಬೇರೆಯಾಗಿ ಕೊಡು. ಮಾಲೀಕನೇ ಬಂದು ಮಾಡಿದರೆ ಕೊಡಲೇಬೇಕು ಅಂತಿಲ್ಲ, ದರ ಗೊತ್ತು ಮಾಡಿದವನು ಅವನೇ. ಆದರೂ ನಮ್ಮ ಈ ಬಿಸಿಲಲ್ಲಿ ನಿಂತು ಮಾಡಿದವನಿಗೆ ತಣ್ಣೀರು, ಒಂದು 20ರ ನೋಟು ಕೊಟ್ಟರೆ ಸಂತೋಷವಾಗಿ ತಗೊಳ್ತಾನೆ. ಕಾರನ್ನು ಯಂತ್ರವೇ ತೊಳೆದು ಕಳಿಸುವ ಕಡೆ ಕೊನೆಯಲ್ಲಿ ಬಟ್ಟೆ ಹಿಡಿದು ಒರೆಸುವವರು ಇರುತ್ತಾರಲ್ಲ, ಅವರಿಗೆ ಮೂರು-ನಾಲ್ಕು ಡಾಲರ್.

ಒಂದು ಮಾತು ಮರೆಯಬೇಡ. ಆದಷ್ಟು ನಗದು, ಅದೂ ಕೆಲಸ ಮಾಡಿದವರ ಕೈಗೇ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಪ್ರತಿ ಸಲವೂ ಕಾರ್ಡಿನಲ್ಲೇ 20 ಶೇಕಡಾ ಸೇರಿಸಿ ಕೊಡುತ್ತಿದ್ದೆ. ಒಂದು ದಿನ ಕಾರು ಒರೆಸುತ್ತಿದ್ದ ಹೆಂಗಸನ್ನು ಸುಮ್ನೆ ಕೇಳಿದೆ, ನಿಮಗೆ ಅದು ಬರುತ್ತಾ ಅಂತ. ಅವಳು ಕೌಂಟರ್ ಕಡೆ ನೋಡಿ, ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಮಾಲೀಕರು, ಮ್ಯಾನೇಜರುಗಳು ಕೆಲಸದವರ ಟಿಪ್ಸ್ ಇಟ್ಟುಕೊಳ್ಳಬಾರದು ಅಂತ 2018ರಿಂದ ಕಾನೂನಿನಲ್ಲೇ ಸ್ಪಷ್ಟವಾಗಿದೆ. ಆದರೂ ಎರಡು ವರ್ಷ ನಾನು ಕೊಟ್ಟದ್ದು ಅವಳಿಗೆ ಮುಟ್ಟಿರಲಿಲ್ಲ. ಅವತ್ತಿನಿಂದ ನನ್ನ ಕಾರಿನಲ್ಲಿ ಒಂದು ಲಕೋಟೆ ಇರುತ್ತೆ, ಐದರ, ಹತ್ತರ ನೋಟು ಹಾಕಿಟ್ಟಿರುತ್ತೀನಿ. ನೀನೂ ಒಂದು ಇಟ್ಟುಕೋ.

ಹೋಟೆಲ್ ಊಟಕ್ಕೆ 18ರಿಂದ 20 ಶೇಕಡಾ. ಗೆಳೆಯರ ಗುಂಪು ಹೋದಾಗ ಬಿಲ್ಲಿನಲ್ಲಿ ಟಿಪ್ಸನ್ನೇ ‘ಗ್ರಾಚುಟಿ’ ಅನ್ನುವ ಹೆಸರಲ್ಲಿ ಮೊದಲೇ ಸೇರಿಸಿದ್ದಾರಾ ನೋಡು. ಕೂದಲು ಕಟಿಂಗ್‌ಗೂ ಅದೇ 18ರಿಂದ 20. ಲಾಡ್ಜಿನ ರೂಮು ಗುಡಿಸುವವರಿಗೆ ಮೂರರಿಂದ ಐದು ಡಾಲರ್ ದಿನಾ ಬೆಳಿಗ್ಗೆ ಇಡು, ಕೊನೆಯ ದಿನ ಒಟ್ಟಿಗೆ ಬೇಡ. ನಾಳೆ ಬರುವವರು ಬೇರೆಯವರು ಆಗಿರಬಹುದು. ಅಂಚೆಯವರಿಗೆ ಮಾತ್ರ ದುಡ್ಡು ಕೊಡಬೇಡ, ಅವರು ನಗದು ತಗೊಳ್ಳುವ ಹಾಗಿಲ್ಲ. ಕ್ರಿಸ್‌ಮಸ್‌ಗೆ 20 ಡಾಲರ್ ಒಳಗಿನ ಒಂದು ಉಡುಗೊರೆ ಕೊಡಬಹುದು. ಎಸಿ ರಿಪೇರಿಯವರು, ಪ್ಲಂಬರ್ ಟಿಪ್ಸ್ ನಿರೀಕ್ಷೆ ಮಾಡುವುದಿಲ್ಲ. ಇನ್ನು ನೀನೇ ಹೋಗಿ ಫ್ರಿಜ್ಜಿನಿಂದ ನೀರಿನ ಬಾಟಲಿ ಎತ್ತಿಕೊಂಡು ಬಂದಾಗಲೂ ಪರದೆ 20 ಶೇಕಡಾ ಕೇಳುತ್ತೆ. ಅಲ್ಲಿ ‘ನೋ ಟಿಪ್’ ಒತ್ತು, ಮುಜುಗರ ಬೇಡ.

ಡಾಲರನ್ನು ರೂಪಾಯಿಗೆ ಗುಣಿಸಿ ನೋಡುವುದನ್ನು ಬಿಟ್ಟುಬಿಡು. ಹಾಗೆ ನೋಡಿದರೆ ಯಾವತ್ತೂ ಕೈ ಮುಂದೆ ಬರುವುದಿಲ್ಲ. ನಿನ್ನ ಸಂಬಳ ಡಾಲರಿನದು, ಅವರ ಮನೆ ಬಾಡಿಗೆಯೂ ಡಾಲರಿನದೇ. ಕೈ ಬಿಗಿ ಇರುವ ತಿಂಗಳು ಕಾರು ನೀನೇ ತೊಳೆದುಕೋ, ಬಕೆಟ್ಟು, ಸೋಪು ಸಾಕು. ಆದರೆ ಇನ್ನೊಬ್ಬರಿಂದ ಮಾಡಿಸಿಕೊಳ್ಳುವುದಾದರೆ 160 ಅಂತ ಎಣಿಸಬೇಡ, 185 ಅಂತ ಎಣಿಸಿಯೇ ಮನೆಯಿಂದ ಹೊರಡು.

ಈ ಶನಿವಾರ ಆ ಅಂಗಡಿ ಕಡೆ ಹೋಗಿ ಬಾ. ನಿನ್ನ ಕಾರು ತೊಳೆದವನು ಇದ್ದರೆ, ಕಳೆದ ಸಲದ್ದು ಅಂತ ಹೇಳಿ 25 ಡಾಲರ್ ಕೈಗೆ ಕೊಡು. ಹೆಸರೂ ಕೇಳಿಕೊಂಡು ಬಾ, ಮುಂದಿನ ಸಲ ಅವನ ಹತ್ತಿರವೇ ಮಾಡಿಸಬಹುದು.

ಯುಗಾದಿಗೆ ಎರಡು ದಿನ ಮುಂಚೆಯೇ ಬಾ. ಅಮ್ಮ ಕಳಿಸಿದ ಚಟ್ನಿಪುಡಿ ನಿನ್ನ ಪಾಲಿನದು ಎತ್ತಿಟ್ಟಿದ್ದೀನಿ.

ನಿನ್ನ ಪ್ರೀತಿಯ
ಅತ್ತೆ